ಪುಟ್ಟ ನಾಯಿಗೆ ಫಿಟ್ಸ್: ಮನೆಯಲ್ಲಿ ಹೇಗೆ ನಿಭಾಯಿಸುತ್ತೀರಿ?

ಪ್ರಶ್ನೆ, ಚಿಕ್ಕಬಳ್ಳಾಪುರದಿಂದ:

ನಮ್ಮ ಪೊಮೆರೇನಿಯನ್‌ಗೆ 3 ವರ್ಷ, ತೂಕ 6 ಕೆಜಿ ಆಸುಪಾಸು. ಕಳೆದ ತಿಂಗಳು ಬೆಳಗಿನ ಜಾವ ಇದ್ದಕ್ಕಿದ್ದಂತೆ ಸೆಟೆದುಕೊಂಡು ಬಿದ್ದು, ಕಾಲು ಬಡಿದು, ಜೊಲ್ಲು ಸುರಿಸಿ, ಬಿದ್ದಲ್ಲೇ ಮೂತ್ರ ಮಾಡಿಕೊಂಡಳು. ಮೊನ್ನೆ ಮತ್ತೆ ಹಾಗೆಯೇ ಆಯಿತು. ಪಶುವೈದ್ಯರು ರಕ್ತಪರೀಕ್ಷೆಗೆ ಬರೆದುಕೊಟ್ಟಿದ್ದಾರೆ, ದಿನಕ್ಕೆ ಎರಡು ಹೊತ್ತು ಮಾತ್ರೆ ಬೇಕಾಗಬಹುದು ಎಂದಿದ್ದಾರೆ. ನಮ್ಮ ಅತ್ತೆ ಕಬ್ಬಿಣದ ಚಾವಿ ಮುಟ್ಟಿಸಿ ಎನ್ನುತ್ತಾರೆ, ಪಕ್ಕದ ಮನೆಯವರು ಈರುಳ್ಳಿ ಮೂಸಿಸಿ ಎನ್ನುತ್ತಾರೆ. ಇಂಥ ನಾಯಿ ಸಾಕಿದವರು ದಯವಿಟ್ಟು ನಿಮ್ಮ ಅನುಭವ ತಿಳಿಸಿ.

ತುಮಕೂರಿನಿಂದ:

ಮೇಡಂ, ಚಾವಿಯೂ ಬೇಡ, ಈರುಳ್ಳಿಯೂ ಬೇಡ. ಸಾಮಾನ್ಯವಾಗಿ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಮನೆಯಲ್ಲಿ ಚಾವಿ ಹುಡುಕಿ ತರುವುದಕ್ಕೂ ಅಷ್ಟೇ ಹೊತ್ತು ಬೇಕು. ಹಾಗಾಗಿ ಹೆಸರು ಚಾವಿಗೆ ಬರುತ್ತದೆ.

ಶುರುವಾದ ಕೂಡಲೇ ನಾನು ಮೊದಲು ನೋಡುವುದು ಗಡಿಯಾರವನ್ನು. ಎದುರಿಗೆ ನಾಯಿ ಒದ್ದಾಡುತ್ತಿರುವಾಗ ಅರ್ಧ ನಿಮಿಷವೂ ಹತ್ತು ನಿಮಿಷದ ಹಾಗೆ ಕಾಣುತ್ತದೆ, ನಮ್ಮ ಅಂದಾಜು ನಂಬಬಾರದು. ಮೆಟ್ಟಿಲು, ಮಂಚದ ಅಂಚು, ಗ್ಯಾಸ್ ಒಲೆ ಇವುಗಳಿಂದ ಅವಳನ್ನು ದೂರ ಸರಿಸಿ, ತಲೆಯ ಕೆಳಗೆ ಮಡಿಸಿದ ಟವೆಲ್ ಇಡಿ. ಟಿವಿ ಮತ್ತು ದೀಪ ಆರಿಸಿ. ಬಾಯಿಗೆ ಕೈ ಹಾಕಲೇಬೇಡಿ. ನಾಯಿ ನಾಲಿಗೆ ನುಂಗುವುದಿಲ್ಲ, ಆದರೆ ಆ ಹೊತ್ತಿನಲ್ಲಿ ಅದರ ದವಡೆ ಅದರ ಹಿಡಿತದಲ್ಲಿ ಇರುವುದಿಲ್ಲ, ನಿಮ್ಮ ಬೆರಳಿಗೆ ಅಪಾಯ. ನೀರನ್ನೂ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

5 ನಿಮಿಷ ದಾಟಿತೆಂದರೆ ಅದು ತುರ್ತು ಸ್ಥಿತಿ. ಚಿಕ್ಕದಾದರೂ 24 ಗಂಟೆಯೊಳಗೆ ಇನ್ನೊಂದು ಬಂತೆಂದರೂ ಆಸ್ಪತ್ರೆಗೆ ಹೊರಡಿ. ಸ್ನಾಯುಗಳು ಬಿಡದೆ ಸೆಟೆದುಕೊಂಡಷ್ಟೂ ಮೈ ಕಾಯುತ್ತದೆ, ಆ ಕಾವೇ ಮಿದುಳಿಗೆ ಕೆಡುಕು. ದಾರಿಯಲ್ಲಿ ಹೊಟ್ಟೆಗೂ ಪಾದಕ್ಕೂ ತಣ್ಣೀರು ಬಟ್ಟೆ ಸಾಕು, ಐಸ್ ಬೇಡ.

ನಿಂತ ಮೇಲೆ ಇನ್ನೊಂದು ಘಟ್ಟವಿದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಎದ್ದ ನಾಯಿ ಕಣ್ಣು ಕಾಣದಂತೆ ಗೋಡೆಗೆ ಹಾಯುತ್ತದೆ, ಸುತ್ತು ಹಾಕುತ್ತದೆ, ನಮ್ಮನ್ನೇ ಗುರುತಿಸದೆ ಗುರುಗುಟ್ಟುತ್ತದೆ. ಕೆಲವು ನಿಮಿಷದಲ್ಲಿ ಸರಿಹೋಗಬಹುದು, ಕೆಲವಕ್ಕೆ ಇಡೀ ದಿನ ಬೇಕು. ಪ್ರೀತಿ ಉಕ್ಕಿ ಅಪ್ಪಿಕೊಳ್ಳಲು ಅದು ಹೊತ್ತಲ್ಲ. ಒಂದು ಕೋಣೆಯಲ್ಲಿ ಬಿಟ್ಟು ಮೆಲ್ಲಗೆ ಮಾತನಾಡಿಸಿ, ಪೂರ್ತಿ ಎಚ್ಚರವಾದ ಮೇಲೆ ನೀರು ಕೊಡಿ.

ಮನೆಯಲ್ಲಿ ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ವಿಡಿಯೋ ಮಾಡಿಸಿ. ನಾಯಿ ವೈದ್ಯರ ಮೇಜಿನ ಮೇಲೆ ನಿಂತಾಗ ಚೆನ್ನಾಗಿಯೇ ಇರುತ್ತದೆ, ಫಿಟ್ಸ್ ಅವರ ಕಣ್ಣಿಗೆ ಬೀಳುವುದೇ ಅಪರೂಪ. ತಾರೀಖು, ಗಂಟೆ, ಎಷ್ಟು ನಿಮಿಷ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯಿರಿ. ಅಮಾವಾಸ್ಯೆಗೆ ತಪ್ಪದೆ ಬರುತ್ತದೆ ಎಂದು ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅಮಾವಾಸ್ಯೆ ಅದೇ ಕ್ಯಾಲೆಂಡರಿನಲ್ಲಿ ಅಚ್ಚಾಗಿರುತ್ತದಲ್ಲ, ಗುರುತು ಹಾಕುತ್ತ ಹೋದಂತೆ ಬಿದಿಗೆಗೂ ಬಂತು, ಪಂಚಮಿಗೂ ಬಂತು. ವಾದ ಅಲ್ಲಿಗೆ ನಿಂತಿತು.

ಇನ್ನು ಮಾತ್ರೆ. ಆರು ತಿಂಗಳೊಳಗೆ ಎರಡು ಸಲ ಬಂದರೆ ಶುರು ಮಾಡುವುದು ರೂಢಿ, ನಿಮ್ಮ ವೈದ್ಯರು ಆತುರಪಡುತ್ತಿಲ್ಲ. ಹೆಚ್ಚಾಗಿ ಬರೆಯುವುದು ಫಿನೋಬಾರ್ಬಿಟೋನ್, ಮನುಷ್ಯರಿಗೂ ಕೊಡುವ ಹಳೆಯ ಔಷಧಿ. ಬೆಲೆ ಕಡಿಮೆ, ಆದರೆ ಚೀಟಿ ಇಲ್ಲದೆ ಕೊಡುವುದಿಲ್ಲ, ಎಲ್ಲ ಮೆಡಿಕಲ್ ಶಾಪ್‌ಗಳಲ್ಲೂ ಇರುವುದಿಲ್ಲ. ಕೊನೆಯ ಪಟ್ಟಿ ಒಡೆಯುವ ಮೊದಲೇ ಮುಂದಿನದನ್ನು ತಂದಿಡಿ. ಮೊದಲ ಎರಡು ವಾರ ನಾಯಿ ತೂರಾಡುತ್ತದೆ, ತೂಕಡಿಸುತ್ತದೆ, ಮೂರು ಹೊತ್ತೂ ಹಸಿವು ಎನ್ನುತ್ತದೆ, ನೀರು ಕುಡಿದು ಕುಡಿದು ಮನೆಯೊಳಗೇ ಮೂತ್ರ ಮಾಡುತ್ತದೆ. ಗಾಬರಿಯಾಗಿ ನಿಲ್ಲಿಸಬೇಡಿ. ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಬರಬಹುದು. ರಕ್ತದಲ್ಲಿ ಔಷಧಿಯ ಮಟ್ಟ ಒಂದು ಹದಕ್ಕೆ ಬರಲು ಸುಮಾರು ಎರಡು ವಾರ ಹಿಡಿಯುತ್ತದೆ. ಆಮೇಲೆ ಆ ಮಟ್ಟವನ್ನೂ, ಆಗಾಗ ಯಕೃತ್ತನ್ನೂ ಪರೀಕ್ಷೆ ಮಾಡಿಸಬೇಕು. ಮಾತ್ರೆಯಿಂದ ಫಿಟ್ಸ್ ಪೂರ್ತಿ ಹೋಗುತ್ತದೆ ಎಂದು ನಿರೀಕ್ಷಿಸಬೇಡಿ. ಅಂತರ ಹೆಚ್ಚಿ, ಜೋರು ತಗ್ಗಿದರೆ ಅದು ಗೆಲುವೇ.

12 ಗಂಟೆಗೊಮ್ಮೆ ಎಂದರೆ 12 ಗಂಟೆಗೊಮ್ಮೆಯೇ. ನಮ್ಮಲ್ಲಿ ಬೆಳಿಗ್ಗೆ 7, ಸಂಜೆ 7. ರಾಗಿ ಮುದ್ದೆಯ ಚಿಕ್ಕ ಉಂಡೆಯೊಳಗೆ ಮಾತ್ರೆ ಇಟ್ಟರೆ ಅಗಿಯದೆ ನುಂಗುತ್ತದೆ, ಈ ಸೀಮೆಯ ನಾಯಿಯಲ್ಲವೇ. ಸಾರಿನಲ್ಲಿ ಅದ್ದಬೇಡಿ, ಈರುಳ್ಳಿ ನಾಯಿಗೆ ವಿಷ.

ಕೋಲಾರದ ಕಡೆಯಿಂದ:

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಕಾರಣ ಹುಡುಕದೆ ಮಾತ್ರೆಗೆ ಇಳಿಯಬೇಡಿ. ನಮ್ಮದು ಟೊಮೆಟೊ ತೋಟ. ಕೀಟನಾಶಕ ಸಿಂಪಡಿಸಿದ ದಿನ ನಾಯಿ ಸಾಲುಗಳ ನಡುವೆ ಓಡಾಡಿ, ಬಂದು ಪಾದ ನೆಕ್ಕಿಕೊಂಡರೆ ಸಾಕು. ವಿಪರೀತ ಜೊಲ್ಲು, ವಾಂತಿ, ಭೇದಿ, ಮೈಯೆಲ್ಲ ಅದುರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದು, ಆಮೇಲೆ ಫಿಟ್ಸ್. ಇದು ಮೂರ್ಛೆ ರೋಗವಲ್ಲ, ವಿಷ. ಹಾಗಾದರೆ ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ, ಹೆಸರು ಓದಿದರೆ ವೈದ್ಯರ ಕೆಲಸ ಅರ್ಧ ಮುಗಿಯಿತು. ನಿಮ್ಮ ಕಡೆ ದ್ರಾಕ್ಷಿ ತೋಟಗಳಲ್ಲೂ ಇದೇ ಕಥೆ. ಇಲಿ ಪಾಷಾಣವೂ ಇದೇ ಸಾಲಿಗೆ ಸೇರುತ್ತದೆ.

ಇನ್ನೊಂದು, ಮೈಗೆ ಕಚ್ಚಿಕೊಳ್ಳುವ ಉಣ್ಣಿ ಹುಳಕ್ಕೆಂದು ತಿಂಗಳಿಗೋ ಮೂರು ತಿಂಗಳಿಗೋ ನುಂಗಿಸುವ ಮಾತ್ರೆ. ಐಸಾಕ್ಸಜೋಲಿನ್ ಗುಂಪಿನ ಈ ಮಾತ್ರೆಗಳಿಂದ ಕೆಲವು ನಾಯಿಗಳಿಗೆ ಫಿಟ್ಸ್ ಬರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ. ಬಹುಪಾಲು ನಾಯಿಗಳಿಗೆ ಏನೂ ಆಗುವುದಿಲ್ಲ, ಆದರೆ ಫಿಟ್ಸ್ ಇರುವ ನಾಯಿಗೆ ಬೇರೆ ದಾರಿ ಕೇಳಿ. ಹಾಗೆಂದು ಉಣ್ಣಿಯನ್ನು ಬಿಟ್ಟುಬಿಡುವಂತಿಲ್ಲ, ಉಣ್ಣಿ ಜ್ವರ ಮಿದುಳಿಗೆ ಏರಿದರೂ ಫಿಟ್ಸ್ ಬರುತ್ತದೆ. ಡಿಸ್ಟೆಂಪರ್ ಎಂಬ ವೈರಸ್ ರೋಗವೂ ಫಿಟ್ಸ್ ತರುತ್ತದೆ, ಅದರ ಲಸಿಕೆ ಹಾಕಿಸಿದ್ದೀರಾ ಎಂಬುದನ್ನೂ ವೈದ್ಯರಿಗೆ ಹೇಳಿ.

ಕೆ.ಜಿ.ಎಫ್.ನಿಂದ:

ನಮ್ಮ ಮುದಿ ನಾಯಿಗೆ ಫಿಟ್ಸ್ ಎಂದೇ ತಿಳಿದಿದ್ದೆವು, ವೈದ್ಯರು ಎದೆಗೆ ಸ್ಟೆತಾಸ್ಕೋಪ್ ಇಟ್ಟೊಡನೆ ಹೃದಯದ ಕವಾಟದ ತೊಂದರೆ ಎಂದರು. ಕೆಮ್ಮಿದಾಗ, ಖುಷಿಯಿಂದ ಕುಣಿದಾಗ ಮೆತ್ತಗೆ ಕುಸಿಯುತ್ತಿತ್ತು, ಕ್ಷಣದಲ್ಲೇ ಏನೂ ಆಗದಂತೆ ಏಳುತ್ತಿತ್ತು. ನೀವು ಬರೆದಿರುವ ಲಕ್ಷಣ ಬೇರೆ. ಆದರೂ ಓದುವ ಬೇರೆಯವರಿಗೆ ಉಪಯೋಗವಾಗಲಿ.

ತಿಪಟೂರಿನಿಂದ:

ಕೊಬ್ಬರಿ ಎಣ್ಣೆ ಕೊಟ್ಟರೆ ಫಿಟ್ಸ್ ಹೋಗುತ್ತದೆ ಎಂದು ಯಾರಾದರೂ ಖಂಡಿತ ಹೇಳುತ್ತಾರೆ, ಅದಕ್ಕೇ ಕೊಬ್ಬರಿ ಊರಿನವನು ನಾನೇ ಮೊದಲು ಬರೆಯುತ್ತಿದ್ದೇನೆ. ಎಂ.ಸಿ.ಟಿ. ಎಂಬ ಬಗೆಯ ಕೊಬ್ಬು ಸೇರಿಸಿದ ಆಹಾರದಿಂದ ಕೆಲವು ನಾಯಿಗಳಿಗೆ ಅನುಕೂಲವಾಗಿರುವುದು ನಿಜ, ಅದೂ ಮಾತ್ರೆಯ ಜೊತೆಗೆ. ಆದರೆ ಅದರಲ್ಲಿ ಕೆಲಸ ಮಾಡುವ ಅಂಶ ನಮ್ಮ ಗಾಣದ ಎಣ್ಣೆಯಲ್ಲಿ ಕಡಿಮೆ, ಇದರಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ ಎಂಬ ಬೇರೆ ಅಂಶವೇ. ಚಿಕ್ಕ ನಾಯಿಗೆ ಚಮಚಗಟ್ಟಲೆ ಎಣ್ಣೆ ಹೊಯ್ದರೆ ಭೇದಿ ಆಗುತ್ತದೆ, ಮೇದೋಜೀರಕ ಗ್ರಂಥಿಯೂ ಊದಿಕೊಳ್ಳಬಹುದು.

ಚಿಕ್ಕಬಳ್ಳಾಪುರದಿಂದ, ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ನನ್ನ ಭಯ ರಾತ್ರಿಯದು. 5 ನಿಮಿಷ ದಾಟಿದರೆ ಆಸ್ಪತ್ರೆ ಎನ್ನುತ್ತೀರಿ, ರಾತ್ರಿ 2 ಗಂಟೆಗೆ ಇಲ್ಲಿ ಯಾರು ಬಾಗಿಲು ತೆರೆಯುತ್ತಾರೆ?

ಗೌರಿಬಿದನೂರಿನಿಂದ:

ನಮ್ಮಂಥ ಊರಿನವರಿಗೆ ಅದೇ ನಿಜವಾದ ಕಷ್ಟ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಿಮಗೆ ಹೆದ್ದಾರಿಯಲ್ಲಿ 50 ಕಿ.ಮೀ. ಆಸುಪಾಸು. ಅಲ್ಲಾಗಲಿ, ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಾಗಲಿ ಯಾವ ಹೊತ್ತಿನವರೆಗೆ ನೋಡುತ್ತಾರೆ ಎಂಬುದನ್ನು ಹಗಲಿನಲ್ಲೇ ಫೋನ್ ಮಾಡಿ ಕೇಳಿ, ಬರೆದಿಡಿ. ಆದರೆ ದಾರಿಯ ಒಂದು ಗಂಟೆ ಫಿಟ್ಸ್ ಕಾಯುವುದಿಲ್ಲ. ಆದ್ದರಿಂದ ಮನೆಯಲ್ಲೇ ಕೊಡುವ ತುರ್ತು ಔಷಧಿಯನ್ನು ನಿಮ್ಮ ವೈದ್ಯರಲ್ಲಿ ನೀವೇ ಕೇಳಿ, ಕೇಳದಿದ್ದರೆ ಅನೇಕರು ಕೊಡುವುದಿಲ್ಲ. ಗುದದ್ವಾರದ ಮೂಲಕ ಕೊಡುವ ಡಯಾಜೆಪಾಮ್ ಇದೆ, ಮೂಗಿಗೆ ಸಿಂಪಡಿಸುವ ಮಿಡಜೋಲಾಮ್ ಇದೆ. ತೂಕ ನೋಡಿ ಪ್ರಮಾಣವನ್ನು ಅವರೇ ಬರೆದುಕೊಡಬೇಕು, ಕೊಡುವ ಕ್ರಮವನ್ನು ಅವರ ಮುಂದೆಯೇ ಕಲಿಯಬೇಕು. ಡಯಾಜೆಪಾಮ್ ಆದರೆ ಮೊದಲೇ ಸಿರಿಂಜಿಗೆ ಎಳೆದಿಡಬೇಡಿ, ಪ್ಲಾಸ್ಟಿಕ್ ಅದನ್ನು ಹೀರಿಕೊಳ್ಳುತ್ತದೆ. ಗಾಜಿನ ಬಾಟಲಿಯಲ್ಲೇ ಇರಲಿ, ಪಕ್ಕದಲ್ಲಿ ಸಿರಿಂಜ್ ಇರಲಿ. ಕೊಟ್ಟ ಮೇಲೂ ನಿಲ್ಲದಿದ್ದರೆ ಎಷ್ಟು ಹೊತ್ತಾಗಿದ್ದರೂ ಕಾರು ಹೊರಡಲೇಬೇಕು.

ತುಮಕೂರಿನಿಂದ, ಮತ್ತೆ:

ಒಂದು ಬಿಟ್ಟುಹೋಗಿತ್ತು. ಪೊಮೆರೇನಿಯನ್ ಹೆಣ್ಣು ಎಂದ ಕೂಡಲೇ ಮರಿ ಹಾಕಿಸಿ, ನಮಗೊಂದು ಕೊಡಿ ಎಂದು ಕೇಳುವವರು ಬರುತ್ತಾರೆ. ಒಪ್ಪಬೇಡಿ, ಇದು ವಂಶದಲ್ಲಿ ಇಳಿದು ಬರುವುದುಂಟು. ಬೆದೆಗೆ ಬಂದಾಗ ಫಿಟ್ಸ್ ಹೆಚ್ಚುವ ನಾಯಿಗಳೂ ಇವೆ, ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ವೈದ್ಯರಲ್ಲಿ ಮಾತನಾಡಿ. ಅರಿವಳಿಕೆ ಕೊಡುವವರಿಗೆ ಮಾತ್ರೆಯ ಹೆಸರು, ಪ್ರಮಾಣ ಎರಡನ್ನೂ ಮೊದಲೇ ತಿಳಿಸಿ, ಆ ದಿನ ಬೆಳಗಿನ ಮಾತ್ರೆ ಕೊಡಬೇಕೇ ಎಂದು ಕೇಳಿಕೊಳ್ಳಿ.