ಅಪ್‌ಡೇಟ್: 58ಕ್ಕೆ ನಿವೃತ್ತಿ, ಹಣ ಎಲ್ಲಿಟ್ಟೆ?

ಪಿಎಫ್, ಗ್ರಾಚ್ಯುಟಿ ಹಣವನ್ನು ಎಲ್ಲಿಡಲಿ ಎಂದು ಕೇಳಿದ್ದೆನಲ್ಲ, ಕೆಲಸ ಆಯಿತು. 60 ತುಂಬದಿದ್ದರೂ ಹಿರಿಯ ನಾಗರಿಕರ ಉಳಿತಾಯ ಯೋಜನೆ ಸಿಗುತ್ತದೆ ಎಂದವರ ಮಾತೇ ನಿಜವಾಯಿತು, ಅವರಿಗೆ ತುಂಬಾ ಧನ್ಯವಾದ. 55 ದಾಟಿ ನಿವೃತ್ತರಾದವರು ಹಣ ಕೈಸೇರಿದ ಮೂರು ತಿಂಗಳೊಳಗೆ ಖಾತೆ ತೆರೆಯಬಹುದು. ಅಂಚೆ ಕಚೇರಿಯಲ್ಲಿ ಮೊದಲು ಕೇಳಿದ್ದೇ ಕಂಪನಿಯ ಪತ್ರ. ಹುದ್ದೆ, ಸೇವಾವಧಿ, ನಿವೃತ್ತಿಯ ವಿವರ, ಸಿಕ್ಕ ಮೊತ್ತ ಎಲ್ಲವೂ ಅದರಲ್ಲಿರಬೇಕು. 20 ಲಕ್ಷ ಇಟ್ಟೆ. ಶೇ 8.2ರಂತೆ ಮೂರು ತಿಂಗಳಿಗೊಮ್ಮೆ 41,000 ರೂಪಾಯಿ ಬರುತ್ತದೆ.

ಎಲ್ಲವನ್ನೂ ಆನ್ಯುಟಿಗೆ, ಅಂದರೆ ಇಡಿಗಂಟು ವಿಮಾ ಕಂಪನಿಗೆ ಕೊಟ್ಟು ಪಿಂಚಣಿಯಂತೆ ಕಂತಿನಲ್ಲಿ ಪಡೆಯುವ ಯೋಜನೆಗೆ, ಹಾಕಿ ಎಂಬ ಸಲಹೆ ನನಗೆ ಒಗ್ಗಲಿಲ್ಲ; ಮಗಳ ಮದುವೆಗೆ ಒಟ್ಟಿಗೆ ಹಣ ಬೇಕು.

ಅಚ್ಚರಿಯೆನಿಸಿದ್ದು: ಬಡ್ಡಿಯನ್ನು ತೆಗೆಯದೆ ಬಿಟ್ಟರೆ ಅದರ ಮೇಲೆ ಬಡ್ಡಿ ಬೆಳೆಯುವುದಿಲ್ಲ. ಅರ್ಜಿ ಕೊಡುವಾಗಲೇ ಉಳಿತಾಯ ಖಾತೆಗೆ ಜಮೆಯಾಗುವಂತೆ ಬರೆದುಕೊಡಿ.