ಪ್ಲೇಟಿಂಗ್ ತೊಟ್ಟಿಯಿಂದ ಒಂದು ಪ್ರಶ್ನೆ: ಕರಗಿದ ಉಪ್ಪು ಮತ್ತು ಬಳಸಿದ ಅಣು ಇಂಧನ

ಪ್ರಶ್ನೆ (ಡೊಂಬಿವಲಿಯಿಂದ): ನಮಸ್ಕಾರ ರಾಯರೇ. ನಾನು ಇಲ್ಲಿನ ಕೈಗಾರಿಕಾ ವಸಾಹತಿನಲ್ಲಿ ಇಪ್ಪತ್ತು ವರ್ಷಗಳಿಂದ ನಿಕಲ್ ಪ್ಲೇಟಿಂಗ್ ಕೆಲಸ ಮಾಡಿಕೊಂಡಿದ್ದೇನೆ. ಬಳಸಿದ ಅಣು ಇಂಧನವನ್ನು ಕರಗಿದ ಉಪ್ಪಿನಲ್ಲಿಟ್ಟು, ಕರೆಂಟ್ ಹಾಯಿಸಿ ಯುರೇನಿಯಂ ಮರಳಿ ಪಡೆಯುತ್ತಾರೆಂದು ಮಗಳು ಕಾಲೇಜಿನಲ್ಲಿ ಕೇಳಿಕೊಂಡು ಬಂದಿದ್ದಾಳೆ. ನಮ್ಮ ತೊಟ್ಟಿಯಂತೆ ನೀರಿನಲ್ಲೇ ಇದನ್ನು ಮಾಡಬಾರದೆ? ತಾರಾಪುರದಲ್ಲಿ ನಡೆಯುವುದೂ ಇದೇ ಕೆಲಸವೆ?

ಉತ್ತರ (ನಿವೃತ್ತ ರಸಾಯನ ಎಂಜಿನಿಯರ್, ಚೆಂಬೂರು): ಎರಡನೆಯದಕ್ಕೆ ಮೊದಲು ಉತ್ತರಿಸಿಬಿಡುತ್ತೇನೆ, ಅದಲ್ಲ. 1964ರಲ್ಲಿ ಟ್ರಾಂಬೆಯಲ್ಲಿ ಆರಂಭವಾದ, ಬಳಸಿದ ಇಂಧನದ ಸಂಸ್ಕರಣಾ ಸ್ಥಾವರವಾಗಲಿ, ಅನಂತರದ ತಾರಾಪುರದ್ದಾಗಲಿ, ಇಂಧನವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಸಾವಯವ ದ್ರಾವಕದಿಂದ ಯುರೇನಿಯಂ ಮತ್ತು ಪ್ಲುಟೋನಿಯಂಗಳನ್ನು ಬೇರ್ಪಡಿಸುವ ಪ್ಯುರೆಕ್ಸ್ ವಿಧಾನದವು. ನೀವು ಹೇಳುವ ಕರಗಿದ ಉಪ್ಪಿನ ವಿಧಾನವನ್ನು, ಅಂದರೆ ಪೈರೊ ಸಂಸ್ಕರಣೆಯನ್ನು, ಬೆಳೆಸಿದ್ದು ಅಮೆರಿಕದ ಆರ್ಗಾನ್ (Argonne) ರಾಷ್ಟ್ರೀಯ ಪ್ರಯೋಗಾಲಯ. 1994ರಲ್ಲಿ ನಿಂತುಹೋದ ಇಬಿಆರ್-2 ಎಂಬ ಪ್ರಾಯೋಗಿಕ ರಿಯಾಕ್ಟರಿನ ಇಂಧನವನ್ನು ಐಡಾಹೊದಲ್ಲಿ ಹೀಗೆ ಸಂಸ್ಕರಿಸಿದ್ದಾರೆ. ನಮ್ಮ ದೇಶದಲ್ಲಿ ಇದರ ಸಂಶೋಧನೆ ಕಲ್ಪಾಕ್ಕಂನಲ್ಲಿ ನಡೆದಿದೆ.

ನೀರು ಏಕೆ ಒಗ್ಗದೆಂಬುದನ್ನು ನಿಮ್ಮ ತೊಟ್ಟಿಯೇ ಹೇಳುತ್ತದೆ. ವೋಲ್ಟೇಜ್ ಮಿತಿಮೀರಿದಾಗ ಕ್ಯಾಥೋಡಿನ (ಋಣ ಧ್ರುವದ) ಮೇಲೆ ಏಳುವ ಗುಳ್ಳೆಗಳು ನೀರು ಒಡೆದು ಬಂದ ಹೈಡ್ರೋಜನ್. ಯುರೇನಿಯಂ ಲೋಹವಾಗಿ ಕೂರಬೇಕಾದ ಮಟ್ಟ ಬರುವುದಕ್ಕೆ ಬಹಳ ಮೊದಲೇ ನೀರು ಹೀಗೆ ಒಡೆದುಹೋಗುತ್ತದೆ. ಅದಕ್ಕೇ ನೀರಿನ ಬದಲು ಕರಗಿದ ಉಪ್ಪು. ಲಿಥಿಯಂ ಕ್ಲೋರೈಡ್ ಒಂದೇ ಇದ್ದರೆ ಕರಗಲು 600 ಡಿಗ್ರಿಗೂ ಹೆಚ್ಚು ಶಾಖ ಬೇಕು, ಪೊಟ್ಯಾಸಿಯಂ ಕ್ಲೋರೈಡಿಗೆ ಸುಮಾರು 770. ಆದರೆ ಎರಡನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿದರೆ 350ರ ಆಸುಪಾಸಿನಲ್ಲೇ ಕರಗಿ ನೀರಿನಂತೆ ತಿಳಿಯಾಗುತ್ತವೆ. ಈ ದ್ರವವನ್ನು 500 ಡಿಗ್ರಿಯಲ್ಲಿಟ್ಟು, ತುಂಡರಿಸಿದ ಇಂಧನದ ಬುಟ್ಟಿಯನ್ನೇ ಆನೋಡ್ (ಧನ ಧ್ರುವ) ಮಾಡುತ್ತಾರೆ. ಯುರೇನಿಯಂ ಕ್ಲೋರೈಡಾಗಿ ಉಪ್ಪಿಗಿಳಿದು, ಸಾಗಿ, ಉಕ್ಕಿನ ಕ್ಯಾಥೋಡಿನ ಮೇಲೆ ಲೋಹವಾಗಿ ಕೂರುತ್ತದೆ. ಬಳಸಿದ ಇಂಧನದಲ್ಲಿ ಬೆರೆತಿದ್ದು, ಕ್ಲೋರಿನ್ನನ್ನು ಗಟ್ಟಿಯಾಗಿ ಹಿಡಿದಿರುವ ಸೀಸಿಯಂ, ಸ್ಟ್ರಾನ್ಷಿಯಂಗಳು ಉಪ್ಪಿನಲ್ಲೇ ಉಳಿಯುತ್ತವೆ; ರುಥೇನಿಯಂನಂಥ ಲೋಹಗಳೂ ಇಂಧನದ ಹೊರಕವಚವೂ ಬುಟ್ಟಿ ಬಿಟ್ಟು ಕದಲುವುದಿಲ್ಲ.

ಕ್ಯಾಥೋಡಿನ ಮೇಲೆ ಕೂರುವ ಯುರೇನಿಯಂ ನಿಮ್ಮ ನಿಕಲ್‌ನಂತೆ ನುಣುಪಲ್ಲ. ಮುಳ್ಳುಮುಳ್ಳಾಗಿ, ಕವಲೊಡೆದ ಹರಳುಗಳಾಗಿ ಬೆಳೆಯುತ್ತದೆ, ಸಂದುಸಂದಿನಲ್ಲೂ ಉಪ್ಪು ಹಿಡಿದಿರುತ್ತದೆ. (ನಿಮ್ಮಲ್ಲಿ ಹೀಗಾದರೆ ಗಿರಾಕಿ ಮಾಲು ವಾಪಸ್ ಕಳಿಸುತ್ತಾನೆ. ಲೇಪವನ್ನು ನುಣುಪಾಗಿಸುವ ಬ್ರೈಟನರ್ ಹಾಕೋಣವೆಂದರೆ 500 ಡಿಗ್ರಿಯಲ್ಲಿ ಅದು ಉಳಿಯಬೇಕಲ್ಲ!) ಅದನ್ನು ಕೆರೆದು ತೆಗೆದು, ನಿರ್ವಾತದಲ್ಲಿ ಕಾಯಿಸಿ ಉಪ್ಪನ್ನು ಆವಿಯಾಗಿಸಿ, ಉಳಿದ ಲೋಹವನ್ನು ಗಟ್ಟಿಯಾಗಿ ಎರಕ ಹೊಯ್ಯುತ್ತಾರೆ. ನನ್ನ ದೃಷ್ಟಿಯಲ್ಲಿ ಈ ವಿಧಾನದ ನಿಜವಾದ ಕಷ್ಟವಿರುವುದು ರಸಾಯನಶಾಸ್ತ್ರದಲ್ಲಲ್ಲ, ಈ ಕೆರೆಯುವ, ಎತ್ತುವ ಕೆಲಸದಲ್ಲಿ. ತೇವವೂ ಆಮ್ಲಜನಕವೂ ಸುಳಿಯದಂತೆ ಆರ್ಗಾನ್ ಅನಿಲ ತುಂಬಿದ ಕೋಣೆಯೊಳಗೆ, ದಪ್ಪ ಗೋಡೆಯ ಈಚೆ ನಿಂತು, ಯಂತ್ರದ ಕೈಗಳಿಂದಲೇ ಎಲ್ಲವನ್ನೂ ಮಾಡಬೇಕು.

ಮರುಪ್ರಶ್ನೆ: ಹಾಗಾದರೆ ಪ್ಲುಟೋನಿಯಂ ಎಲ್ಲಿಗೆ ಹೋಗುತ್ತದೆ? ಹಳೆಯ ಉಪ್ಪನ್ನು ಏನು ಮಾಡುತ್ತಾರೆ?

ಉತ್ತರ: ಪ್ಲುಟೋನಿಯಂ ಹಿಡಿಯಲು ಕರಗಿದ ಕ್ಯಾಡ್ಮಿಯಂ ಲೋಹವನ್ನು ಕ್ಯಾಥೋಡಾಗಿ ಇಡುತ್ತಾರೆ. ಅದರಲ್ಲಿ ಪ್ಲುಟೋನಿಯಂ ಒಂದೇ ಇಳಿಯುವುದಿಲ್ಲ. ಅಮೆರಿಸಿಯಂ, ಕ್ಯೂರಿಯಂ, ಒಂದಿಷ್ಟು ಯುರೇನಿಯಂ ಕೂಡ ಜೊತೆಗೂಡುತ್ತವೆ. ವೇಗದ ನ್ಯೂಟ್ರಾನ್‌ಗಳ ರಿಯಾಕ್ಟರಿಗೆ ಈ ಬೆರಕೆಯೇ ಇಂಧನವಾಗಬಲ್ಲದು. ಬಳಸಿ ಮುಗಿದ ಉಪ್ಪನ್ನು ಜಿಯೋಲೈಟ್ ಎಂಬ ಸೂಕ್ಷ್ಮ ರಂಧ್ರಗಳ ಖನಿಜದಲ್ಲಿ ಹೀರಿಸಿ, ಗಾಜಿನ ಪುಡಿಯೊಡನೆ ಕಾಯಿಸಿ ಸೆರಾಮಿಕ್ ಗಟ್ಟಿಯಾಗಿಸುತ್ತಾರೆ. ಇಷ್ಟೂ ನಾನು ಹೇಳಿದ್ದು ಲೋಹದ ಇಂಧನಕ್ಕೆ. ತಾರಾಪುರದ ರಿಯಾಕ್ಟರುಗಳಲ್ಲಿರುವಂತೆ ಇಂಧನ ಆಕ್ಸೈಡ್ ಆಗಿದ್ದರೆ, ಅದನ್ನು ಮೊದಲು ಸುಮಾರು 650 ಡಿಗ್ರಿಯ ಲಿಥಿಯಂ ಕ್ಲೋರೈಡಿನಲ್ಲಿ, ಅದೂ ಕರೆಂಟಿನಿಂದಲೇ, ಲೋಹವಾಗಿಸಿಕೊಂಡು ಆಮೇಲೆ ಈ ತೊಟ್ಟಿಗೆ ಇಳಿಸಬೇಕಾಗುತ್ತದೆ.