ಪದಚರ್ಚೆ: ‘ಔಕ್ತೋರಿತಾಸ್’, ‘ಪೊತೆಸ್ತಾಸ್’ – ಎರಡಕ್ಕೂ ‘ಅಧಿಕಾರ’ವೇ?

ಬಳಗದ ಎಲ್ಲರಿಗೂ ನಮಸ್ಕಾರ.

ಕ್ರಿ.ಶ. 494ರಲ್ಲಿ ಪೋಪ್ ಒಂದನೆಯ ಗೆಲಾಸಿಯಸ್ ಅವರು ರೋಮನ್ ಚಕ್ರವರ್ತಿ ಅನಸ್ತಾಸಿಯಸ್‌ಗೆ ಬರೆದ ಪತ್ರದ ಒಂದು ವಾಕ್ಯವನ್ನು ಕನ್ನಡಕ್ಕೆ ತರಬೇಕಾಗಿದೆ. ಲೋಕವನ್ನು ಆಳುವಂಥವು ಎರಡು ಎನ್ನುತ್ತಾರೆ ಅವರು: ಧರ್ಮಾಧ್ಯಕ್ಷರ ಪವಿತ್ರ ‘ಔಕ್ತೋರಿತಾಸ್’ ಮತ್ತು ಅರಸರ ‘ಪೊತೆಸ್ತಾಸ್’. ಎರಡಕ್ಕೂ ನಮ್ಮಲ್ಲಿ ಥಟ್ಟನೆ ಹೊಳೆಯುವುದು ‘ಅಧಿಕಾರ’. ಹಾಗೆ ಬರೆದರೆ ವಾಕ್ಯದ ಜೀವವೇ ಹೋಗುತ್ತದೆ.

ಎರಡೂ ರೋಮಿನ ರಾಜ್ಯಾಡಳಿತದ ಲ್ಯಾಟಿನ್ ಪದಗಳು. ಪೊತೆಸ್ತಾಸ್ ಎಂದರೆ ಪದವಿಯಿಂದ ಬರುವ, ಆಜ್ಞೆ ಮಾಡಿ ನಡೆಸುವ ಬಲ. ಮನೆಮಂದಿಯ ಮೇಲೆ ಯಜಮಾನನಿಗಿದ್ದ ಹಿಡಿತಕ್ಕೂ ಅದೇ ಹೆಸರು. ಔಕ್ತೋರಿತಾಸ್‌ಗೆ ಆಜ್ಞೆಯ ಹಂಗಿಲ್ಲ. ಸೆನೆಟ್ ಕೊಡುತ್ತಿದ್ದ ಸಲಹೆಗಿದ್ದ ತೂಕ ಅದು. ಅಪ್ರಾಪ್ತ ವಯಸ್ಕನ ವ್ಯವಹಾರ ಊರ್ಜಿತವಾಗಲು ಪೋಷಕ ಕೊಡಬೇಕಾಗಿದ್ದ ಒಪ್ಪಿಗೆಯೂ ಅದೇ. ‘ಹೆಚ್ಚಿಸು, ಬೆಳೆಸು’ ಎಂಬ ಧಾತುವಿನಿಂದ ಹುಟ್ಟಿದ ಪದ.

ಈ ಎರಡು ಪದಗಳ ವ್ಯತ್ಯಾಸವನ್ನು ಬಹಳ ಎಚ್ಚರದಿಂದ ಬಳಸಿದವನು ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್. ತನ್ನ ಸಾಧನೆಗಳ ಶಾಸನದಲ್ಲಿ, ಪೊತೆಸ್ತಾಸ್‌ನಲ್ಲಿ ತಾನು ಸಹೋದ್ಯೋಗಿಗಳಿಗಿಂತ ಮೇಲಲ್ಲ, ಔಕ್ತೋರಿತಾಸ್‌ನಲ್ಲಿ ಮಾತ್ರ ಎಲ್ಲರಿಗಿಂತ ಮೇಲು ಎಂದು ಬರೆಸಿದ. ಇಂದಿನ ಟರ್ಕಿಯ ಅಂಕಾರಾದ ಗುಡಿಯ ಗೋಡೆಯ ಮೇಲೆ ಈ ಶಾಸನ ಲ್ಯಾಟಿನ್, ಗ್ರೀಕ್ ಎರಡರಲ್ಲೂ ಇದೆ. ಲ್ಯಾಟಿನ್ ಪಾಠದಲ್ಲಿ ‘ಔಕ್ತೋರಿತಾಸ್’ ಇದ್ದ ಜಾಗವೇ ಅಳಿಸಿಹೋಗಿತ್ತು. ಗ್ರೀಕ್ ಅನುವಾದದಲ್ಲಿ ‘ಯೋಗ್ಯತೆ, ಘನತೆ’ ಎಂಬರ್ಥದ ‘ಆಕ್ಸಿಯೋಮ’ ಇದ್ದುದರಿಂದ ಮಹಾ ವಿದ್ವಾಂಸ ಮೊಮ್ಸೆನ್ ಅಲ್ಲಿ ‘ದಿಗ್ನಿತಾಸ್’ ಇದ್ದಿರಬೇಕೆಂದು ಊಹಿಸಿ ತುಂಬಿದರು. ಮುಂದೆ ಟರ್ಕಿಯಲ್ಲೇ ಇರುವ ಪಿಸಿಡಿಯಾದ ಆಂಟಿಯೋಕ್‌ನಲ್ಲಿ ಸಿಕ್ಕ, ಇದೇ ಶಾಸನದ ಇನ್ನೊಂದು ಪ್ರತಿಯ ಚೂರುಗಳು ಅದು ‘ಔಕ್ತೋರಿತಾಸ್’ ಎಂದು ತೋರಿಸಿದವು. ಈ ಪದಕ್ಕೆ ಸಮಾನಪದ ಸಿಗದ ಕಷ್ಟ ಅಷ್ಟು ಹಳೆಯದು!

ಮೊದಲ ಚಕ್ರವರ್ತಿ ತನ್ನದೆಂದು ಹೇಳಿಕೊಂಡಿದ್ದ ಆ ಹಿರಿಮೆಯನ್ನೇ ಗೆಲಾಸಿಯಸ್ ಧರ್ಮಾಧ್ಯಕ್ಷರಿಗೆ ಕೊಟ್ಟು, ಚಕ್ರವರ್ತಿಗೆ ಪೊತೆಸ್ತಾಸನ್ನು ಉಳಿಸಿದರು. ರೋಮಿನ ರಾಜ್ಯಾಡಳಿತದ ಭಾಷೆಯನ್ನು ಚರ್ಚು ತನ್ನದಾಗಿಸಿಕೊಂಡದ್ದಕ್ಕೆ ಇದು ಒಂಟಿ ಉದಾಹರಣೆಯೂ ಅಲ್ಲ. 385ರಲ್ಲಿ ಪೋಪ್ ಸಿರಿಸಿಯಸ್ ಸ್ಪೇನಿನ ಧರ್ಮಾಧ್ಯಕ್ಷರೊಬ್ಬರ ಪ್ರಶ್ನೆಗಳಿಗೆ ಕೊಟ್ಟ ಉತ್ತರ ಚಕ್ರವರ್ತಿಯ ಆಜ್ಞಾಪತ್ರದ ಧಾಟಿಯಲ್ಲೇ ಇದೆ. ಒಬ್ಬ ಧರ್ಮಾಧ್ಯಕ್ಷರ ಆಡಳಿತಕ್ಕೆ ಸೇರಿದ ಪ್ರದೇಶವನ್ನು ಸೂಚಿಸುವ ‘ಡಯಾಸಿಸ್’ ಕೂಡ ಚಕ್ರವರ್ತಿ ಡಯೋಕ್ಲೀಷಿಯನ್ ಕಾಲದ ಆಡಳಿತ ವಿಭಾಗದ ಹೆಸರು. ನಮ್ಮ ‘ಧರ್ಮಪ್ರಾಂತ್ಯ’ದ ‘ಪ್ರಾಂತ್ಯ’ ಆ ಚಹರೆಯನ್ನು ಚೆನ್ನಾಗಿ ಉಳಿಸಿಕೊಂಡಿದೆ. ಆದ್ದರಿಂದಲೇ ‘ಗುರುತ್ವ’, ‘ದೈವಾನುಗ್ರಹ’ದಂಥ ಬರಿಯ ಧಾರ್ಮಿಕ ಪದ ಇಲ್ಲಿ ಸಲ್ಲದೆಂದು ನನ್ನ ಬಲವಾದ ಅಭಿಪ್ರಾಯ. ಅದು ರೋಮನ್ ರಾಜಕಾರಣದ ಗುರುತನ್ನೇ ಮರೆಮಾಡುತ್ತದೆ.

ಪೊತೆಸ್ತಾಸ್‌ಗೆ ‘ಪ್ರಭುಶಕ್ತಿ’ಯನ್ನು ಯೋಚಿಸಿದೆ. ಆದರೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದು ಕೋಶ (ಬೊಕ್ಕಸ) ಮತ್ತು ದಂಡದ (ಸೇನೆಯ) ಬಲ. ‘ಆಜ್ಞಾಧಿಕಾರ’ ಹೆಚ್ಚು ಹೊಂದುತ್ತದೆ. ಔಕ್ತೋರಿತಾಸ್‌ಗೆ ‘ಮಾನ್ಯತೆ’ ಎಂದರೆ ಈಗ ಶಾಲೆಗೆ ಸರ್ಕಾರ ಕೊಡುವ ಮಾನ್ಯತೆ ನೆನಪಾಗುತ್ತದೆ; ‘ಹಿರಿತನ’ಕ್ಕೆ ವಯಸ್ಸಿನ ಛಾಯೆ ಅಂಟಿದೆ. ಸದ್ಯಕ್ಕೆ ನನ್ನ ಒಲವು ‘ಪ್ರಾಮಾಣ್ಯ’ದ, ಎಂದರೆ ಪ್ರಮಾಣವೆಂದು ಒಪ್ಪಿಕೊಳ್ಳುವಂಥ ಗುಣದ, ಕಡೆಗೆ. ಶಾಸ್ತ್ರಕ್ಕೆ, ಶ್ರುತಿಗೆ ಸಲ್ಲುವ ಈ ಪದವನ್ನು ವ್ಯಕ್ತಿಗೆ ಅಥವಾ ಪೀಠಕ್ಕೆ ಹಚ್ಚಿದ ಪ್ರಯೋಗ ನಮ್ಮ ಕಾವ್ಯ, ಶಾಸನಗಳಲ್ಲಿ ಇದೆಯೇ? ಇಲ್ಲವಾದರೆ ಅಗಸ್ಟಸ್‌ಗೂ ಗೆಲಾಸಿಯಸ್‌ಗೂ ಒಂದೇ ಸಮನೆ ಒಪ್ಪುವ ಬೇರೆ ಯಾವ ಪದವನ್ನು ಸೂಚಿಸುತ್ತೀರಿ?